ನ್ಯಾಯದ ಕಲ್ಲಿಗೆ ನಮ್ಮೂರು ಓಟು ಹಾಕಿದ್ದು

ಅಮೆರಿಕದ ಕೆಲವು ರಾಜ್ಯಗಳಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟಿನ ನ್ಯಾಯಾಧೀಶರು ಓಟಿಗೆ ನಿಲ್ಲುತ್ತಾರೆ. ಸುಮ್ಮನೆ ನಿಲ್ಲುವುದಲ್ಲ, ಪಕ್ಷದ ಹೆಸರು ಹಚ್ಚಿಕೊಂಡು ನಿಲ್ಲುತ್ತಾರೆ. ಬೋರ್ಡು ಹಾಕಿಸುತ್ತಾರೆ, ಕೈ ಕುಲುಕುತ್ತಾರೆ, ಎದುರಾಳಿಯನ್ನು ಬೈಯುತ್ತಾರೆ, ಗೆದ್ದ ಮೇಲೆ ಕರಿ ನಿಲುವಂಗಿ ತೊಟ್ಟು ಏನೂ ಆಗಿಲ್ಲದವರಂತೆ ಕೂರುತ್ತಾರೆ. ಶಹಾಪುರದ ನನ್ನ ಅಡುಗೆಮನೆಯಲ್ಲಿ ಬೇಳೆ ಬೇಯಲಿಟ್ಟು ಫೋನಿನಲ್ಲಿ ಇದನ್ನು ಓದಿದಾಗ ಮೊದಲು ನಂಬಲಿಲ್ಲ. ನಂಬಿದ ಮೇಲೆ ಎಷ್ಟು ನಕ್ಕೆನೆಂದರೆ ಬೇಳೆ ತಳ ಹತ್ತಿತು. ಅದೇ ನಗುವಿನಲ್ಲಿ ಒಂದು ವಿಡಿಯೊ ಮಾಡಿ ಹಾಕಿದೆ. ನನ್ನ ವಿಡಿಯೊ ನೋಡುವವರು ಹೆಚ್ಚಾಗಿ ಯಾದಗಿರಿ, ಸುರಪುರ ಕಡೆಯ ಹೆಣ್ಣುಮಕ್ಕಳು. ಅವರೆಲ್ಲ ನಕ್ಕು ಮುಂದಿನ ವಿಡಿಯೊಗೆ ಹೋದರು. ನನ್ನ ತವರೂರಿನವರು ಮಾತ್ರ ನಗಲಿಲ್ಲ. ಅವರು ಅದನ್ನು ಮಾಡಿ ತೋರಿಸಿದರು.

ತವರೂರು ಸುರಪುರದ ಆಚೆ, ಕೃಷ್ಣೆಯ ದಂಡೆಯಲ್ಲಿದೆ. ಮೇಲಿನ ಓಣಿಯವರು ಹೊಲ ಮಾಡುವವರು, ಕೆಳಗಿನ ಓಣಿಯವರು ಮೀನು ಹಿಡಿಯುವವರು. ಎರಡೂ ಓಣಿ ಕೂಡುವಲ್ಲಿ ಬೇವಿನ ಮರ, ಮರದ ಸುತ್ತ ಕಟ್ಟೆ, ಕಟ್ಟೆಯ ಮೇಲೆ ತಲೆತಲಾಂತರದಿಂದ ಕೂತು ಕೂತು ನುಣ್ಣಗಾದ ಒಂದು ಕರಿಕಲ್ಲು. ಅದು ನ್ಯಾಯದ ಕಲ್ಲು. ಜಮೀನು, ಹೊಡೆದಾಟ ಅಂದರೆ ಜನ ಸುರಪುರದ ಕೋರ್ಟಿಗೆ ಹೋಗುತ್ತಾರೆ. ಈ ಕಲ್ಲಿಗೆ ಬರುವುದು ಕೋರ್ಟಿನಲ್ಲಿ ಹೇಳಿದರೆ ವಕೀಲರೇ ನಗುವಂಥ ಜಗಳಗಳು. ಯಾರ ಆಡು ಯಾರ ಹಿತ್ತಲಿಗೆ ನುಗ್ಗಿತು, ಯಾರು ಯಾರ ಬಲೆಯ ಮೇಲೆ ದೋಣಿ ಎಳೆದರು, ಒಯ್ದ ಬೀಸುವ ಕಲ್ಲು ಯಾಕೆ ವಾಪಸ್ಸು ಬರಲಿಲ್ಲ. ಅಷ್ಟೇ. ಆದರೆ ಆ ಕಲ್ಲಿನ ಮೇಲೆ ಕೂತವನು ಹೇಳಿದ ಮೇಲೆ ಮಾತು ಮುಗಿಯಿತು. ಮತ್ತೆ ಯಾರೂ ತುಟಿ ಬಿಚ್ಚುವುದಿಲ್ಲ.

ನಾನು ಹುಟ್ಟಿದಾಗಿನಿಂದ ಆ ಕಲ್ಲಿನ ಮೇಲೆ ಒಬ್ಬನೇ ಮುತ್ಯಾ. ಅಜ್ಜನಿಗೆ ನಮ್ಮ ಕಡೆ ಮುತ್ಯಾ ಅನ್ನುತ್ತೇವೆ, ಅವನು ಊರಿಗೆಲ್ಲ ಮುತ್ಯಾ. ನ್ಯಾಯಕ್ಕೆ ಬರುವಾಗ ಕೈಯಲ್ಲಿ ಒಂದು ತಾಮ್ರದ ಚರಗಿ ತುಂಬ ನೀರು ತರುತ್ತಿದ್ದ. ಯಾರು ಚಹಾ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಮದುವೆಗೆ ಬಂದು ಅಕ್ಕಿಕಾಳು ಹಾಕಿ, ಊಟಕ್ಕೆ ಕೂರದೆ ಹೋಗುತ್ತಿದ್ದ. ನನ್ನ ಮದುವೆಯಲ್ಲೂ ಹಾಗೇ ಹೋದ. "ಮುತ್ಯಾಗ ಹೊಟ್ಟಿ ಜಡ್ಡು ಅದ, ಹೊರಗಿಂದು ತಡಿಯಂಗಿಲ್ಲ" ಎಂದು ಅವ್ವ ಹೇಳುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದದ್ದು ಅಷ್ಟೇ. ಪಂಕ್ತಿಯ ಪಕ್ಕದಲ್ಲಿ ಹಾಯ್ದು ಹೋಗುವಾಗ ಮಾತ್ರ ಅವನು ಎಲೆಯ ಮೇಲಿನ ಪಾಯಸವನ್ನು ಒಂದು ನಮೂನೆ ನೋಡುತ್ತಿದ್ದ.

ಈ ಸಲ ಯುಗಾದಿಗೆ ತವರಿಗೆ ಹೋಗಿದ್ದೆ. ಬೇವು ಹಂಚಿದ ಮರುದಿನ ಮುತ್ಯಾ ಕಟ್ಟೆಗೆ ಬಂದು, ಕಲ್ಲಿನ ಮೇಲೆ ಕೂರದೆ ಕೆಳಗೆ ಕೂತ.

"ನಂದು ಎಡಗಿವಿ ಹೋಗ್ಯದ. ಬಲಕ್ಕ ನಿಂತಾಂವಂದು ಅಷ್ಟ ಕೇಳಸ್ತದ. ಒಬ್ಬನ ಮಾತು ಕೇಳಿ ಇನ್ನೊಬ್ಬಂದು ಬಿಟ್ರ ಅದು ನ್ಯಾಯ ಅಲ್ಲ. ಬ್ಯಾರೇದವರು ಕುಂದರ್ರಿ."

ಜನಕ್ಕೆ ಇದು ಮೊದಲೇ ಅನುಮಾನವಿತ್ತು. ಒಂದು ವರ್ಷದಿಂದ ವಾದಿ, ಪ್ರತಿವಾದಿ ಇಬ್ಬರೂ ಮುತ್ಯಾನ ಬಲಗಡೆ ಜಾಗಕ್ಕೆ ನೂಕಾಡುತ್ತಿದ್ದರು. ಮುಂದೆ ಯಾರು ಅನ್ನುವ ಮಾತು ಎದ್ದ ಕೂಡಲೇ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ವಿಡಿಯೊ ಎಲ್ಲರೂ ನೋಡಿದ್ದರು.

"ಯವ್ವಾ, ಆ ಅಮೆರಿಕಾದ್ದು ಇನ್ನೊಮ್ಮಿ ಹೇಳು, ಬಿಡಿಸಿ ಹೇಳು" ಅಂದರು.

ಬಿಡಿಸಿ ಹೇಳಿದೆ. ಮೊದಮೊದಲು ಅಲ್ಲಿಯೂ ಗವರ್ನರೋ ಶಾಸನಸಭೆಯೋ ಜಡ್ಜರನ್ನು ಆರಿಸುತ್ತಿದ್ದವು. ಇವರು ತಮ್ಮವರನ್ನೇ ತಂದು ಕೂರಿಸುತ್ತಾರೆ, ನಾವೇ ಆರಿಸುತ್ತೇವೆ ಎಂದು ಜನ ಎದ್ದರು. ಓಟು ಬಂತು. ಓಟಿನ ಹಿಂದೆ ಪಕ್ಷ ಬಂತು, ಪಕ್ಷದ ಹಿಂದೆ ಪುಢಾರಿ ಬಂದ. ಆಮೇಲೆ, ಛೀ ಇದು ಚೆಂದಲ್ಲ, ಚೀಟಿಯ ಮೇಲೆ ಪಕ್ಷದ ಹೆಸರು ಬೇಡ ಅಂದರು. ಕೆಲವು ರಾಜ್ಯಗಳು ಹೆಸರು ತೆಗೆದವು. ಆದರೂ ಯಾರು ಯಾವ ಕಡೆ ಅನ್ನುವುದು ಎಲ್ಲರಿಗೂ ಗೊತ್ತು. ಮುಚ್ಚಿಡುವುದು ಯಾಕೆ ಎಂದು ಕೆಲವರು ಹೆಸರನ್ನು ಮತ್ತೆ ತಂದರು. ಇನ್ನೂ ಜಗ್ಗಾಡುತ್ತಿದ್ದಾರೆ.

"ನಮ್ಮ ಗ್ರಾಮ ಪಂಚಾಯ್ತಿ ಇದ್ದಂಗ ಅದ" ಅಂದಳು ಅತ್ತಿ, ನನ್ನ ಸೋದರಮಾವನ ಹೆಂಡತಿ. "ಓಟಿನ ಚಿನ್ನೆ ಪಕ್ಷದ್ದಲ್ಲ, ಪ್ರಚಾರದ ಜೀಪು ಪಕ್ಷದ್ದು."

ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. ಅವನು ಕಲ್ಲನ್ನೇ ನೋಡುತ್ತಿದ್ದ.

ನಮ್ಮ ಮಾಮಾ ನಾರಾಯಣಪುರದ ನೀರಾವರಿ ಆಫೀಸಿನಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸಿ ರಿಟೈರ್ ಆದವನು. ಎತ್ತು ಅಂದರೆ ಎತ್ತಿದ, ಇಳಿಸು ಅಂದರೆ ಇಳಿಸಿದ. ಮನೆಗೆ ಬಂದರೆ ಅತ್ತಿ. ಅವಳ ಮುಂದೆ ಅವನ ಮಾತು ಅರ್ಧಕ್ಕಿಂತ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಅವತ್ತು ಸಂಜೆ ನನ್ನನ್ನು ಹೊಳೆಯ ಕಡೆ ಕರೆದುಕೊಂಡು ಹೋಗಿ ಹೇಳಿದ.

"ಮಗಳ, ಒಂದ ಆಸೆ ಅದ. ಆ ಕಲ್ಲಿನ ಮ್ಯಾಲ ಕುಂತು ನಾ ಒಂದು ಮಾತು ಪೂರಾ ಹೇಳಬೇಕು. ಊರು ಬಾಯಿ ಮುಚ್ಚಿ ಕೇಳಬೇಕು."

"ಅತ್ತಿನೂ?"

"ಅಕೀನ ಮೊದಲು ಕುಂದರಸ್ತೀನಿ."

ಹೀಗೆ ಮಾಮಾ ನಿಂತ. ಎದುರಿಗೆ ನಿಂತವರು ಯಾರು ಅಂತೀರಿ? ಅವನ ಬೀಗರು. ಮಾಮಾನ ಮಗಳನ್ನು ಕೆಳಗಿನ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಮಗನಿಗೆ ಕೊಟ್ಟಿದ್ದಾರೆ. ಆ ಅಂಗಡಿಯ ಬೀಗರೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ಮಗಳನ್ನ ಕೊಟ್ಟೀರಿ, ಕಲ್ಲನೂ ಕೊಟ್ಟಬಿಡ್ರಿ ಬೀಗ್ರ" ಅಂದರು. "ಮಗಳನ್ನ ಕೊಟ್ಟು ಕೆಟ್ಟೀನಿ, ಕಲ್ಲರ ಉಳಿಸ್ಕೋತೀನಿ" ಅಂದ ಮಾಮಾ. ಮಗಳು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಚಹಾ ತಂದು ನಡುವೆ ಇಟ್ಟು, "ಕುಡದು ಜಗಳಾಡ್ರಿ" ಎಂದು ಹೋದಳು. ಆ ಎರಡು ಮನೆಯ ನಡುವಿನ ಕೊನೆಯ ಚಹಾ ಅದು. ಅದೂ ತಣ್ಣಗಾಯಿತು. ಯಾರು ಮೊದಲು ಕುಡಿಯಬೇಕು ಅನ್ನುವುದೇ ಬಗೆಹರಿಯಲಿಲ್ಲ.

ಮರುದಿನವೇ ಪಕ್ಷಗಳು ಬಂದವು. ಹೆಸರು ಬೇಡ, ಒಂದು ಮೇಲಿನ ಓಣಿಯದು, ಇನ್ನೊಂದು ಕೆಳಗಿನ ಓಣಿಯದು ಅನ್ನೋಣ. ತಾಲ್ಲೂಕಿನಿಂದ ಒಬ್ಬ ಪುಢಾರಿ ಬಂದು ಮಾಮಾನ ಕೊರಳಿಗೆ ಶಾಲು ಹಾಕಿದ. ಒಂದು ತಾಸಿನಲ್ಲಿ ಆ ಕಡೆಯ ಪುಢಾರಿ ಬಂದು ಬೀಗರ ಕೊರಳಿಗೆ ಹಾಕಿದ. ಒಂದು ಕಲ್ಲಿಗೆ ಎರಡು ಧ್ವಜ. ಬೇವಿನ ಮರದ ಬುಡದಲ್ಲಿ ಕಟ್ಟುವಾಗ ಜಾಗ ಸಾಲದೆ ಒಂದರ ಕೋಲು ಇನ್ನೊಂದರ ಬಟ್ಟೆಗೆ ಸಿಕ್ಕಿಕೊಂಡಿತು.

ನಿಯಮ ಹಾಕಿದವರು ಪಕ್ಷದ ಹುಡುಗರು. ನಮ್ಮ ಓಣಿಯಲ್ಲಿ ಮಾತ್ರ ಚಹಾ, ನಮ್ಮವರ ಮನೆಯಲ್ಲಿ ಮಾತ್ರ ಊಟ. ಆ ಓಣಿಯ ನೀರು ಕುಡಿದರೆ ನೀ ಮಾರಿಕೊಂಡೆ ಅಂತಲೇ ಲೆಕ್ಕ. ಮಾಮಾನಿಗೆ ಇದರಿಂದ ಆದದ್ದು ಹಬ್ಬ. ಅತ್ತಿಯ ಕೈಯ ಸಪ್ಪನೆ ಬೇಳೆ ಉಂಡು ಬೇಸತ್ತ ಮನುಷ್ಯ ಮುಂಜಾನೆ ಒಂದು ಮನೆಯಲ್ಲಿ ಮಂಡಕ್ಕಿ ಸುಸಲಾ, ಮಧ್ಯಾಹ್ನ ಒಂದು ಮನೆಯಲ್ಲಿ ಎಣ್ಣೆಗಾಯಿ ಬದನೆಕಾಯಿ, ಸಂಜೆ ಇನ್ನೊಂದು ಮನೆಯಲ್ಲಿ ಮಿರ್ಚಿ ಬಜಿ ತಿಂದು ಕೈಮುಗಿದ. ಕೆಳಗಿನ ಓಣಿಯಲ್ಲಿ ಬೀಗರು ಮೀನು ಸಾರು ಸುರಿದು ಸುರಿದು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ತಿರುಗಿದರು.

ತಿಂದ ಮೇಲೆ ಸುಮ್ಮನೆ ಬರಲಿಕ್ಕಾಗುತ್ತದೆಯೇ? ಮಾತು ಕೊಟ್ಟರು. ದನ, ಆಡು ಸಾಕಿದ ಮನೆಗಳಲ್ಲಿ ಮಾಮಾ, "ಬಾಯಿಲ್ಲದ ಪ್ರಾಣಿ, ಅದಕ್ಕೇನ ಗೊತ್ತು? ನಾ ಕುಂತ್ರ ಪ್ರಾಣಿ ತಪ್ಪು ತಪ್ಪ ಅಲ್ಲ" ಅಂದ. ಮೀನು ಒಣಹಾಕುವ ಮನೆಗಳಲ್ಲಿ ಬೀಗರು, "ಒಣ ಹಾಕಿದ್ದಕ್ಕ ಬಾಯಿ ಹಾಕಿದ ಪ್ರಾಣಿದು ಯಾವತ್ತಿದ್ರೂ ತಪ್ಪ" ಅಂದರು. ಜಗಳ ಇನ್ನೂ ಹುಟ್ಟಿರಲಿಲ್ಲ, ಎರಡೂ ಕಡೆಯ ಫೈಸಲಾ ಆಗಲೇ ಹುಟ್ಟಿ ಓಡಾಡುತ್ತಿದ್ದವು.

ಊರ ಮೇಷ್ಟ್ರು ಒಬ್ಬರು, "ನ್ಯಾಯದ ಕಲ್ಲಿಗೆ ಧ್ವಜ ಶೋಭಿಸಂಗಿಲ್ಲ, ಬಿಚ್ಚರಿ" ಅಂದರು. ಬಿಚ್ಚಿದರು. ಮರುದಿನ ಮೇಲಿನ ಓಣಿಯವರೆಲ್ಲ ಒಂದೇ ಬಣ್ಣದ ಟವೆಲ್ ಹಾಕಿಕೊಂಡು ಬಂದರು. ಕೆಳಗಿನವರೂ ಬಂದರು, ಇನ್ನೊಂದು ಬಣ್ಣ. ಮೇಷ್ಟ್ರು ಟವೆಲನ್ನೂ ಬಿಚ್ಚಿಸಿದರು. ಆಗ ಒಂದು ಓಣಿ ಬಲಕ್ಕೆ ಬೈತಲೆ ತೆಗೆಯಿತು, ಇನ್ನೊಂದು ಎಡಕ್ಕೆ. ಬೋಳುತಲೆಯವರಿಗೆ ಫಜೀತಿ. ಮೇಷ್ಟ್ರು ಸೋತು, "ಧ್ವಜನ ಕಟ್ಟರಪಾ" ಅಂದರು. ಅಮೆರಿಕದವರು ಇಷ್ಟು ದೂರ ಬರಲಿಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಂಡರು. ನಮ್ಮವರು ಶಾವಿಗೆ ಒಣಗುವುದರೊಳಗೆ ಮುಗಿಸಿದರು.

ಓಟಿಗೆ ಚೀಟಿ ಗೀಟಿ ಏನಿಲ್ಲ. ಒಂದು ಮಣ್ಣಿನ ಗಡಿಗೆ, ಬಾಯಿಗೆ ಬಟ್ಟೆ. ಮಾಮಾನಿಗೆ ಹಾಕುವವರು ಜೋಳದ ಕಾಳು, ಬೀಗರಿಗೆ ಹಾಕುವವರು ತೊಗರಿ ಕಾಳು, ಒಬ್ಬರಿಗೆ ಒಂದೇ. ಸಂಜೆ ಗಡಿಗೆಯನ್ನು ಚಾದರದ ಮೇಲೆ ಬೋರಲು ಹಾಕಿದಾಗ ಬೀಗರು ಅಂಗಡಿಯಿಂದ ತಕ್ಕಡಿ ಹಿಡಿದುಕೊಂಡು ಬಂದರು.

"ಎಣಿಸ್ಕೋತ ಯಾವಾಗ ಕುಂದರೋದು? ಜೋಳ ಒಂದು ಕಡಿ, ತೊಗರಿ ಒಂದು ಕಡಿ, ತೂಗಿಬಿಡ್ರಿ. ಯಾವುದು ಭಾರ ಅದು ಗೆದ್ದಂಗ."

ಮೇಲಿನ ಓಣಿಯವರು "ಹೌದ್ರಿ, ಬರಾಬರ್ ಅದ" ಎಂದು ತಲೆಯಾಡಿಸಿಯೇ ಬಿಟ್ಟರು. ಅತ್ತಿ ಓಡಿ ಬಂದು ತಕ್ಕಡಿ ಕಿತ್ತುಕೊಂಡಳು. "ಜೋಳದ ಕಾಳೆಷ್ಟು ಭಾರ, ತೊಗರಿ ಕಾಳೆಷ್ಟು ಭಾರ? ನನ್ನ ಗಂಡನ್ನ ತಕ್ಕಡ್ಯಾಗ ಸೋಲಸ್ತೀರೇನು ಬೀಗ್ರ? ಎಣಸ್ರಿ!"

ಬೀಗರು ಹಲ್ಲು ಕಿರಿದರು. ಎಣಿಸಿದರು. ಒಂದು ಚಿಟಿಕೆ ಕಾಳಿನಿಂದ ಮಾಮಾ ಗೆದ್ದ. ಹಲಗೆ ಬಾರಿಸಿದರು, ಗುಲಾಲು ಹಾರಿಸಿದರು. ಮಾಮಾ ಗುಲಾಲಿನಲ್ಲಿ ಕಣ್ಣು ಬಿಡಲಾರದೆ ನನ್ನ ಕೈ ಹಿಡಿದು, "ಮಗಳ, ನಾಳಿ ನಾ ಏನ ಅಂತೀನಿ ಅದನ್ನ ಫೋನಿನ್ಯಾಗ ತಗೋ. ಪೂರಾ ತಗೋ" ಅಂದ.

ಮೊದಲ ಜಗಳ ಬರಲಿಕ್ಕೆ ಮುಂಜಾನೆಯೂ ಪೂರ್ತಿ ಆಗಲಿಲ್ಲ. ಕೆಳಗಿನ ಓಣಿಯ ಹೆಣ್ಣುಮಗಳೊಬ್ಬಳು ದನಗಳು ಹೊಳೆಗೆ ಇಳಿಯುವ ಹಾದಿಯ ಮಗ್ಗುಲಿಗೆ ಹೊರಸು ಮಂಚ ಹಾಕಿ ಅದರ ಮೇಲೆ ಶಾವಿಗೆ ಒಣಹಾಕಿದ್ದಳು. ಮೇಲಿನ ಓಣಿಯವಳೊಬ್ಬಳ ಎಮ್ಮೆ ಕಣ್ಣಿ ಬಿಚ್ಚಿಕೊಂಡು ಬಂದು ಅರ್ಧ ಹೊರಸು ನೆಕ್ಕಿ ಉಳಿದರ್ಧದ ಮೇಲೆ ಉಸಿರು ಬಿಟ್ಟಿತ್ತು. ಇಬ್ಬರೂ ಕಟ್ಟೆಗೆ ಬಂದರು. ಹಿಂದೆ ಊರೂ ಬಂತು. ಮಾಮಾ ಇಸ್ತ್ರಿ ಅಂಗಿ ಹಾಕಿಕೊಂಡು, ಕಲ್ಲಿಗೆ ನಮಸ್ಕಾರ ಮಾಡಿ, ಕೂತ. ಗಂಟಲು ಸರಿಮಾಡಿಕೊಂಡ. ನಾನು ಫೋನು ಎತ್ತಿದೆ. ಊರು ನಿಜಕ್ಕೂ ಬಾಯಿ ಮುಚ್ಚಿತು.

"ನಾ ಹೇಳೋದೇನಂದ್ರ..." ಅಂದ ಮಾಮಾ.

"ನಿನ್ನ ಚರಗಿ ಎಲ್ಲಿ?" ಅಂದ ಮುತ್ಯಾ ಕೆಳಗಿನಿಂದ.

"ಚರಗಿ?"

"ನೀರಿಂದು. ಈ ಕಲ್ಲಿನ ಮ್ಯಾಲ ಕುಂದರಾಂವ ತನ್ನ ನೀರು ತರಬೇಕು. ಯಾರ ಮನಿ ನೀರು ಕುಡದಾನ, ಅವರ ಜಗಳ ಮುಂದಿನ ಯುಗಾದಿತನಕ ಮುಟ್ಟಂಗಿಲ್ಲ. ನೀ ಇವರಿಬ್ಬರ ಮನಿಯಾಗ ಏನರ ಕುಡದೀಯೇನು?"

ಮಾಮಾನಿಗಿಂತ ಮೊದಲು ಶಾವಿಗೆಯವಳು ಶುರು ಮಾಡಿದಳು.

"ಕುಡದಾನೇನು! ಆ ಎಮ್ಮಿಯಾಕಿ ಮನ್ಯಾಗ ತಾಟು ತುಂಬ ಉಂಡು, ಅದ ಎಮ್ಮಿ ಮೊಸರು ಸುರದು, ಮೀಸಿ ಒರಿಸ್ಕೊಂಡು ಬಂದಾನ. ನಾ ಕಣ್ಣಾರೆ ಕಂಡೀನಿ."

"ಏ, ಮೊಸರು ಹುಳಿ ಇತ್ತು!" ಅಂದ ಮಾಮಾ.

"ಹುಳಿ ಇತ್ತಂತ!" ಎಮ್ಮೆಯವಳು ಸೊಂಟಕ್ಕೆ ಕೈ ಇಟ್ಟಳು. "ಮತ್ತೊಮ್ಮಿ ಹಾಕಿಸ್ಕೊಂಡ್ಯಲ್ಲ ಅಣ್ಣಾ, ಆವಾಗ ಸಿಹಿ ಇತ್ತೇನು?"

ಬೀಗರು ಬಿದ್ದು ಬಿದ್ದು ನಗುತ್ತಿದ್ದರು. ಮುತ್ಯಾ ಅವರ ಕಡೆ ತಿರುಗಿದ. "ನೀವ್ ಕುಂದರತೀರೇನು? ಶಾವಿಗಿಯಾಕಿ ಮನ್ಯಾಗ ಏನ ತಿಂದೀರಿ?"

ಬೀಗರ ನಗು ನಿಂತಿತು. "ಶಾವಿಗಿ" ಅಂದರು ಮೆಲ್ಲಗೆ.

ಆಗ ಜನರ ತಲೆಯಲ್ಲಿ ಲೆಕ್ಕ ಓಡಿತು. ಮಾಮಾ ತಿಂದಿರುವುದು ತನಗೆ ಓಟು ಹಾಕಿದ ಮನೆಗಳಲ್ಲಿ. ಅಂದರೆ ತನ್ನವರ ಯಾವ ಜಗಳವನ್ನೂ ಅವನು ಮುಟ್ಟುವಂತಿಲ್ಲ. ಅವನು ನ್ಯಾಯ ಹೇಳಬಹುದಾದದ್ದು ತನಗೆ ಓಟು ಹಾಕದೆ ಬೈದು ತಿರುಗಿದ ಕೆಳಗಿನ ಓಣಿಯವರ ಒಳಜಗಳಕ್ಕೆ ಮಾತ್ರ! ಓಟು ಹಾಕಿದವರಿಗೆ ಅವನು ಇಲ್ಲ, ಹಾಕದವರಿಗೆ ಅವನೇ ಗತಿ. ಕೆಳಗಿನ ಓಣಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಹಂಗಾದ್ರ ನಾವು ಇನ್ನೊಂದು ವರ್ಷ ಜಗಳಾನ ಆಡಂಗಿಲ್ಲ" ಅಂದರು. ಊರಿಗೆ ಊರೇ ಕಟ್ಟೆಯ ಸುತ್ತ ಹೊಟ್ಟೆ ಹಿಡಿದುಕೊಂಡು ಕೂತಿತು. ನನ್ನ ಫೋನು ಎಷ್ಟು ಅಲುಗಿತೆಂದರೆ ಆ ವಿಡಿಯೊದಲ್ಲಿ ಬೇವಿನ ಮರವೇ ನಗುತ್ತಿರುವಂತೆ ಕಾಣುತ್ತದೆ.

"ಮುತ್ಯಾ, ಇದನ್ನ ಮೊದಲ ಯಾಕ ಹೇಳಲಿಲ್ಲೋ?" ಮಾಮಾನ ದನಿ ಅಳುವ ಹಾಗಿತ್ತು.

"ನನ್ನ ಹಿಂದಿನಾಂವ ನನ್ನ ಆರಿಸಿ ಕಿವಿಯಾಗ ಹೇಳಿದ್ದ. ನೀವು ನನ್ನ ಎಲ್ಲಿ ಕೇಳಿದ್ರಿ, ಗಡಿಗಿ ತಂದ್ರಿ. ಮನಿ ಮನಿ ಉಣ್ಣಾಕತ್ತಿದ್ದು ನೋಡಿದೆ. ಅಮೆರಿಕಾದಾಗ ಉಣ್ಣಾಕ ಬಿಡ್ತಾರೇನೋ ಅಂತ ಸುಮ್ಕಾದೆ."

ಮಾಮಾ ಕಲ್ಲಿನಿಂದ ಎದ್ದ. ಪಾಪ, ಇಸ್ತ್ರಿ ಅಂಗಿ ಇನ್ನೂ ಸುಕ್ಕಾಗಿರಲಿಲ್ಲ. ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಗೆದ್ದಾಂವ ನಾನ ಹೌದಲ್ಲ?"

"ನೀನ ಮಾಮಾ" ಅಂದೆ. ನಗು ತಡೆದುಕೊಂಡು ಹೇಳಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಅವನ ಮುಖ ನೋಡಿ ಕೆಡುಕೆನಿಸಿದ್ದೂ ಹೌದು. ಒಂದು ಮಾತು ಪೂರಾ ಹೇಳಬೇಕು ಎಂದು ಹೊರಟವನು "ನಾ ಹೇಳೋದೇನಂದ್ರ" ಅನ್ನುವಲ್ಲಿಗೆ ನಿಂತಿದ್ದ.

ಆಗ ಎದ್ದವಳು ಅತ್ತಿ. ಮಾಮಾನ ಪರವಾಗಿ ಅವಳು ಎದ್ದದ್ದನ್ನು ನಾನು ನೋಡಿದ್ದು ಎರಡೇ ಸಲ. ಒಂದು ತಕ್ಕಡಿ ಕಿತ್ತುಕೊಂಡಾಗ, ಇನ್ನೊಂದು ಇದು.

"ಇಂವ ಎಮ್ಮಿಯಾಕಿದು ಉಂಡಾನ. ಅವ್ರು ಶಾವಿಗಿಯಾಕಿದು ಉಂಡಾರ. ಒಬ್ಬೊಬ್ರ ಕುಂತ್ರ ತಪ್ಪು, ಇಬ್ಬರೂ ಕುಂತ್ರ ತಪ್ಪಿಗಿ ತಪ್ಪು ಬರಾಬರ್. ಕುಂದರಸ್ರಿ ಇಬ್ಬರನ್ನೂ. ಇಬ್ಬರ ಬಾಯಾಗೂ ಒಂದ ಮಾತು ಬಂದ್ರ ಅದ ಫೈಸಲಾ."

ಎಲ್ಲರೂ ಮುತ್ಯಾನನ್ನು ನೋಡಿದರು. ಅವನು ಯೋಚಿಸಿ, "ಕುಂದರ್ರಿ" ಅಂದ.

ಆ ಕಲ್ಲು ಒಬ್ಬರಿಗೆ ಆಗುವಷ್ಟೇ ಅಗಲ. ಇಬ್ಬರು ಹೊಟ್ಟೆ ಬೆಳೆದ ಬೀಗರು ಅರ್ಧರ್ಧ ಕೂತರು. ಒಬ್ಬರು ಉಸಿರು ಎಳೆದರೆ ಇನ್ನೊಬ್ಬರು ಜಾರುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ಸೀರೆಯ ಬಣ್ಣದ ಮೇಲೂ ಒಪ್ಪದ ಇಬ್ಬರು ಇವರು.

"ಪ್ರಾಣಿ ತಪ್ಪು ತಪ್ಪಲ್ಲ" ಅಂದ ಮಾಮಾ.

"ಬಾಯಿ ಹಾಕಿದ್ದ ಪ್ರಾಣಿದ ತಪ್ಪು" ಅಂದರು ಬೀಗರು.

"ಎಮ್ಮಿ ಹಾದ್ಯಾಗ ಹೊರಸು ಹಾಕಿದವರ್ಯಾರು?"

"ಕಣ್ಣಿ ಗಟ್ಟಿ ಕಟ್ಟಲಾರದವರ್ಯಾರು?"

ಹೀಗೇ ಜಗ್ಗಿದರು. ಬಿಸಿಲು ಏರಿತು. ಬಾಯಿ ಒಣಗಿತು. ಯಾರ ಮನೆಯ ನೀರು ಕೇಳುವಂತೆಯೂ ಇಲ್ಲ. ಬೀಗರೇ ಮೊದಲು ಮೆತ್ತಗಾದರು. "ಬೀಗ್ರ, ಎಮ್ಮಿ ಹಾಲು ಕೊಡ್ತದಲ್ಲ?" ಅಂದರು. ಮಾಮಾ ಅವರನ್ನು ನೋಡಿದ. ಅವನ ಮುಖ ಅರಳಿತು. ಎದ್ದು ನಿಂತ, ಬೀಗರು ಜಾರಿ ಪೂರ್ತಿ ಕಲ್ಲಿನ ಮೇಲೆ ಬಂದರು, ಅವನಿಗೆ ಪರಿವೆಯೇ ಇಲ್ಲ.

"ನಾ ಹೇಳೋದೇನಂದ್ರ, ಎಮ್ಮಿಯಾಕಿ ಇವತ್ತಿನ ಹಾಲೆಲ್ಲಾ ತರಬೇಕು, ಶಾವಿಗಿಯಾಕಿ ಎಮ್ಮಿ ಮುಟ್ಟಲಾರದ ಶಾವಿಗಿ ತರಬೇಕು, ಇಲ್ಲೇ ಕಟ್ಟಿ ಮುಂದ ಒಲಿ ಹೂಡಿ ಪಾಯಸ ಮಾಡಬೇಕು, ಮೊದಲನೇ ಬಟ್ಟಲಾ ಎಮ್ಮಿಯಾಕಿ ಶಾವಿಗಿಯಾಕಿಗಿ ಕೊಡಬೇಕು, ಎರಡನೇದ್ದು ಶಾವಿಗಿಯಾಕಿ ಎಮ್ಮಿಯಾಕಿಗಿ ಕೊಡಬೇಕು, ನಾಳಿಂದ ಹೊರಸು ಮ್ಯಾಲ ಎತ್ತಬೇಕು, ಕಣ್ಣಿ ಹೊಸದು ಹಾಕಬೇಕು, ಮುಗೀತು!"

"ಮುಗೀತು" ಅಂದರು ಬೀಗರು.

ಊರು ಬಾಯಿ ಮುಚ್ಚಿ ಕೇಳಿತ್ತು. ಅತ್ತಿಯೂ ಕೇಳಿದ್ದಳು. ಮಾಮಾ ನನ್ನ ಫೋನಿನ ಕಡೆ ಕೈ ಮಾಡಿ "ಬಂತೇನು?" ಅಂದ. ಬಂದಿತ್ತು, ಪೂರಾ ಬಂದಿತ್ತು.

ಪಾಯಸ ಕುದಿಯಿತು. ಏಲಕ್ಕಿ ವಾಸನೆ ಎರಡೂ ಓಣಿಗೆ ಹೋಗಿ ಉಳಿದವರನ್ನೂ ಎಳೆದು ತಂದಿತು. ಎಲ್ಲರ ಕೈಯಲ್ಲೂ ಬಟ್ಟಲು. ಕಲ್ಲಿನ ಮೇಲಿನ ಇಬ್ಬರ ಕೈ ಮಾತ್ರ ಖಾಲಿ. ತಿಂದರೆ ಉಳಿದ ಮನೆಗಳ ನ್ಯಾಯವೂ ಹೋಯಿತು. ಮಾಮಾ ಶಾವಿಗೆಯನ್ನು ನೋಡಿದ, ಕಲ್ಲನ್ನು ತಟ್ಟಿ ನೋಡಿದ, ಗಟ್ಟಿಯಾಗಿ ಹಿಡಿದುಕೊಂಡ. "ಇನ್ನ ವರ್ಷಪೂರ್ತಿ ನನ್ನ ಬ್ಯಾಳಿನ ಗತಿ" ಅಂದಳು ಅತ್ತಿ, ಯಾಕೋ ಬಹಳ ಖುಷಿಯಿಂದ.

ಆಗ ಮಾಮಾನ ಮಗಳು ಹೊಳೆಯ ಕಡೆಯಿಂದ ಬಂದಳು. ಕೈಯಲ್ಲಿ ಮುತ್ಯಾನದೇ ಹಳೆಯ ಚರಗಿ, ಬೆಳಗಿ ಥಳಥಳ ಮಾಡಿದ್ದು. "ಅಪ್ಪಾ, ಇದು ನಿನ್ನ ಮನೀದಲ್ಲ, ನಮ್ಮ ಮನೀದಲ್ಲ. ಹೊಳೀದು. ಕುಡಿ" ಅಂದಳು. ಮಾಮಾ ತಲೆ ಎತ್ತಿ ಗಟಗಟ ಕುಡಿದ. ಅರ್ಧ ಉಳಿಸಿ ಬೀಗರಿಗೆ ಕೊಟ್ಟ. ಈ ಸಲ ಯಾರು ಮೊದಲು ಅನ್ನುವ ಜಗಳ ಬರಲಿಲ್ಲ.

ಮುತ್ಯಾ ಕಟ್ಟೆಯ ಕೆಳಗೆ ಚಕ್ಕಳಮಕ್ಕಳ ಕೂತಿದ್ದ. ನನ್ನ ನೆನಪಿನಲ್ಲಿ ಮೊದಲನೇ ಸಲ ಅವನ ಕೈಯಲ್ಲಿ ಬೇರೆ ಮನೆಯವರ ಬಟ್ಟಲಿತ್ತು. ಹೊಟ್ಟೆ ಜಡ್ಡಿನ ಲಕ್ಷಣ ಎಲ್ಲಿಯೂ ಕಾಣಲಿಲ್ಲ. ತಳದ ಶಾವಿಗೆಯನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟು ಕಣ್ಣು ಮುಚ್ಚಿದ್ದ. ಪಾತ್ರೆ ಹಿಡಿದು ಬಂದ ಶಾವಿಗೆಯವಳು ಅವನ ಹಿಂದೆ, ಹೋದ ಎಡಗಿವಿಯ ಕಡೆ ನಿಂತು, ನನಗೇ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ, "ಮುತ್ಯಾ, ಇನ್ನಷ್ಟು?" ಅಂದಳು.

"ಹಾಕವ್ವ" ಅಂದ ಮುತ್ಯಾ, ಕಣ್ಣು ಬಿಡದೆ.